ನಮ್ಮ ರಾಜ್ಯದ ಆಯವ್ಯಯ: ಒಂದು ಬಸ್ಸು, ಒಂದು ಕಾಲುವೆ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಸಂಸಾರ ನಡೆಸುವವರಿಗೆ ಹಿರಿಯರು ಹೇಳಿದ ಈ ಮಾತು ಸರ್ಕಾರಕ್ಕೂ ಅನ್ವಯಿಸುವುದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆ, ಎಲ್ಲಿ ಅನ್ವಯಿಸುವುದಿಲ್ಲ ಎಂಬುದನ್ನು ತಿಳಿಯಬೇಕಾದರೆ ಸರ್ಕಾರದ ವಾರ್ಷಿಕ ಆಯವ್ಯಯ ಪತ್ರವನ್ನು, ಅಂದರೆ ಬಜೆಟ್ಟನ್ನು, ಬಿಡಿಸಿ ನೋಡಬೇಕು. ಅರ್ಥಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನನಗೆ ಈ ಕೆಲಸವನ್ನು ಹಚ್ಚಿದವರು ಅಧ್ಯಾಪಕರಲ್ಲ, ನಮ್ಮ ತಂದೆ.

ನಮ್ಮದು ಹೊಸದುರ್ಗ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಮಳೆಯನ್ನೇ ನಂಬಿದ ನಾಲ್ಕು ಎಕರೆ ಹೊಲ; ರಾಗಿ, ಸಾವೆ, ಸ್ವಲ್ಪ ಶೇಂಗಾ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಕಳೆದ ದಸರಾ ರಜೆಯಲ್ಲಿ ಶೇಂಗಾ ಬಿಡಿಸುತ್ತ ಕುಳಿತಿದ್ದಾಗ ತಂದೆ ಕೇಳಿದರು: "ಅಲ್ಲವ್ವಾ, ಅರ್ಥಶಾಸ್ತ್ರ ಓದ್ತೀನಿ ಅಂತೀಯ. ನಮ್ಮ ಕಾಲುವೆಗೆ ಐದು ಸಾವಿರದ ಮುನ್ನೂರು ಕೋಟಿ ಕೊಟ್ಟರು ಅಂತ ಪೇಪರ್‌ನಾಗೆ ಬಂದಿತ್ತಲ್ಲ, ಆ ದುಡ್ಡು ಎಲ್ಲಿಗೆ ಹೋತು?" ಆಗ ನನ್ನಲ್ಲಿ ಉತ್ತರವಿರಲಿಲ್ಲ. ಪರೀಕ್ಷೆಯಲ್ಲಿ 'ಆಯವ್ಯಯದ ವಿಧಗಳನ್ನು ವಿವರಿಸಿ' ಎಂದು ಕೇಳಿದ್ದರೆ ನಾಲ್ಕು ಪುಟ ಬರೆಯಬಲ್ಲವಳಾಗಿದ್ದೆ. ತಂದೆಯ ಒಂದು ಪ್ರಶ್ನೆಗೆ ಮಾತ್ರ ಬಾಯಿ ಕಟ್ಟಿತು. ಆ ಉತ್ತರವನ್ನು ಹುಡುಕುತ್ತ ಹೋದಾಗ ತಿಳಿದುಬಂದ ಕೆಲವು ಸಂಗತಿಗಳನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಆಯವ್ಯಯವೆಂದರೇನು?

ನಮ್ಮ ಸಂವಿಧಾನದ 202ನೆಯ ಅನುಚ್ಛೇದದ ಪ್ರಕಾರ, ಪ್ರತಿಯೊಂದು ಆರ್ಥಿಕ ವರ್ಷಕ್ಕೂ ರಾಜ್ಯದ ಅಂದಾಜು ಆದಾಯ ಮತ್ತು ವೆಚ್ಚಗಳ ತಃಖ್ತೆಯನ್ನು ರಾಜ್ಯಪಾಲರು ವಿಧಾನಮಂಡಲದ ಮುಂದೆ ಇರಿಸುವಂತೆ ಮಾಡತಕ್ಕದ್ದು. ಇದಕ್ಕೆ 'ವಾರ್ಷಿಕ ಹಣಕಾಸು ವಿವರಣ ಪತ್ರ' ಎಂದು ಹೆಸರು. ಸಂವಿಧಾನದ ಈ ಭಾಗದಲ್ಲಿ ಬಜೆಟ್ ಎಂಬ ಪದವೇ ಇಲ್ಲ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನದು ಆರ್ಥಿಕ ವರ್ಷ.

ಸರ್ಕಾರಕ್ಕೆ ಬರುವ ತೆರಿಗೆ, ಶುಲ್ಕ ಮತ್ತು ಸಾಲದ ಹಣವೆಲ್ಲ ರಾಜ್ಯದ ಸಂಚಿತ ನಿಧಿಯನ್ನು ಸೇರುತ್ತದೆ. ಶಾಸನದ ಅನುಮತಿಯಿಲ್ಲದೆ ಅದರಿಂದ ಒಂದು ಕಾಸನ್ನೂ ತೆಗೆಯುವಂತಿಲ್ಲ. ಪ್ರವಾಹದಂತಹ ಅನಿರೀಕ್ಷಿತ ಸಂದರ್ಭಗಳಿಗೆಂದು ಸಾದಿಲ್ವಾರು ನಿಧಿಯೂ, ನೌಕರರ ಭವಿಷ್ಯನಿಧಿಯಂತೆ ಸರ್ಕಾರ ಕೇವಲ ಕಾಯ್ದುಕೊಂಡಿರುವ ಹಣಕ್ಕೆಂದು ಸಾರ್ವಜನಿಕ ಲೆಕ್ಕವೂ ಬೇರೆಯಾಗಿವೆ.

ಮುಖ್ಯಮಂತ್ರಿಗಳೋ ಹಣಕಾಸಿನ ಮಂತ್ರಿಗಳೋ ಆಯವ್ಯಯವನ್ನು ಮಂಡಿಸಿದ ಮೇಲೆ ಸಾಮಾನ್ಯ ಚರ್ಚೆ ನಡೆಯುತ್ತದೆ. ಅನಂತರ ಪ್ರತಿಯೊಂದು ಇಲಾಖೆಯ ಅನುದಾನದ ಬೇಡಿಕೆಯನ್ನು ವಿಧಾನಸಭೆ ಮತಕ್ಕೆ ಹಾಕುತ್ತದೆ. ವಿಧಾನ ಪರಿಷತ್ತು ಚರ್ಚಿಸಬಹುದೇ ಹೊರತು ಬೇಡಿಕೆಗಳ ಮೇಲೆ ಮತ ಹಾಕುವಂತಿಲ್ಲ. ಸಾಲದ ಬಡ್ಡಿ, ಉಚ್ಚ ನ್ಯಾಯಾಲಯದ ನ್ಯಾಯಾಧೀಶರ ಸಂಬಳ ಮುಂತಾದವನ್ನು ಯಾರೂ ಮತದಿಂದ ತಡೆಯಲಾಗದು. ಕೊನೆಗೆ ಧನವಿನಿಯೋಗ ಮಸೂದೆ ಅಂಗೀಕಾರವಾದರೆ ಖಜಾನೆಯ ಬಾಗಿಲು ತೆರೆಯುತ್ತದೆ. ವರ್ಷದ ಮಧ್ಯೆ ಹಣ ಸಾಲದಿದ್ದರೆ ಪೂರಕ ಅಂದಾಜುಗಳನ್ನು ತರಬೇಕು.

ಹಣ ಬರುವ ದಾರಿ

ಮಾತಿಗೆ ಆಧಾರವಿರಲೆಂದು 2025ರ ಮಾರ್ಚ್ 7ರಂದು ಶ್ರೀ ಸಿದ್ದರಾಮಯ್ಯನವರು ಮಂಡಿಸಿದ 2025-26ನೆಯ ಸಾಲಿನ ಕರ್ನಾಟಕದ ಆಯವ್ಯಯವನ್ನು ತೆಗೆದುಕೊಳ್ಳೋಣ. ಅದು ಅವರ 16ನೆಯ ಆಯವ್ಯಯ. ಅದರ ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ಇಷ್ಟು ದೊಡ್ಡ ಸಂಖ್ಯೆ ನಮ್ಮಂಥವರ ಕಲ್ಪನೆಗೆ ನಿಲುಕುವುದಿಲ್ಲವಾದ್ದರಿಂದ ಅದನ್ನು ನೂರು ರೂಪಾಯಿಯ ಲೆಕ್ಕಕ್ಕೆ ಇಳಿಸಿ ನೋಡುವುದು ವಾಸಿ.

ಅಂದಾಜಿನಂತೆ, ಬರುವ ನೂರು ರೂಪಾಯಿಯಲ್ಲಿ ಸುಮಾರು 51 ರೂಪಾಯಿ ರಾಜ್ಯವೇ ವಸೂಲು ಮಾಡುವ ತೆರಿಗೆ. ಈ ಬಾಬಿನ ಒಟ್ಟು ಮೊತ್ತ 2,08,100 ಕೋಟಿ. ಇದರಲ್ಲಿ ವಾಣಿಜ್ಯ ತೆರಿಗೆಗಳಿಂದ 1,20,000 ಕೋಟಿ, ಅಬಕಾರಿಯಿಂದ 40,000 ಕೋಟಿ, ಮುದ್ರಾಂಕ ಮತ್ತು ನೋಂದಣಿಯಿಂದ 28,000 ಕೋಟಿ, ಮೋಟಾರು ವಾಹನಗಳಿಂದ 15,000 ಕೋಟಿ ನಿರೀಕ್ಷಿಸಲಾಗಿತ್ತು. ತೆರಿಗೆಯಲ್ಲದ ಆದಾಯ ನೂರಕ್ಕೆ 4 ರೂಪಾಯಿ. ಕೇಂದ್ರದ ತೆರಿಗೆಗಳಲ್ಲಿ ನಮ್ಮ ಪಾಲು ಹತ್ತಿರಹತ್ತಿರ 13. ಕೇಂದ್ರದ ಸಹಾಯಾನುದಾನ 4. ಉಳಿದ 28 ರೂಪಾಯಿಯಷ್ಟು ಸಾಲ. ಸಾಲದ ಮೊತ್ತ 1,16,000 ಕೋಟಿ.

ಇಲ್ಲಿ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು, ತೆರಿಗೆ ಕೊಡುವವರು ಯಾರು ಎಂಬುದು. ಆದಾಯ ತೆರಿಗೆ ಕಟ್ಟದ ನಮ್ಮ ತಂದೆ ತೆರಿಗೆಯನ್ನೇ ಕಟ್ಟುವುದಿಲ್ಲವೆಂದು ನಾನು ಬಹುಕಾಲ ಭಾವಿಸಿದ್ದೆ. ಆದರೆ ಬಾಡಿಗೆ ಟ್ರಾಕ್ಟರು ಕುಡಿಯುವ ಡೀಸೆಲ್ಲಿನ ಮೇಲೆ ರಾಜ್ಯದ ಮಾರಾಟ ತೆರಿಗೆಯಿದೆ. ತಾಯಿ ಕೊಳ್ಳುವ ಸಾಬೂನಿನ ಮೇಲೆ 2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಿದೆ. ಹೊಸದುರ್ಗದ ಸಂತೆಯಿಂದ ಚೀಲ ತುಂಬಿಕೊಂಡು ಬರುವ ಪ್ರತಿಯೊಬ್ಬರೂ ಬೊಕ್ಕಸಕ್ಕೆ ಹಣ ತುಂಬಿಯೇ ಬರುತ್ತಾರೆ. ಆದುದರಿಂದ ಬೊಕ್ಕಸ ಎಲ್ಲಿಗೆ ಹರಿಯಿತೆಂದು ಕೇಳುವ ಹಕ್ಕು ಅವರೆಲ್ಲರಿಗೂ ಉಂಟು.

ಎರಡನೆಯದು, ಕೇಂದ್ರದ ಪಾಲು. ಇದನ್ನು ಹಣಕಾಸು ಆಯೋಗ ನಿರ್ಧರಿಸುತ್ತದೆ. 15ನೆಯ ಆಯೋಗವು 2021ರಿಂದ 2026ರವರೆಗಿನ ಐದು ವರ್ಷಗಳಿಗೆ, ಹಂಚಬಹುದಾದ ಕೇಂದ್ರ ತೆರಿಗೆಗಳಲ್ಲಿ ನೂರಕ್ಕೆ 41ನ್ನು ರಾಜ್ಯಗಳಿಗೆ ಗೊತ್ತುಮಾಡಿತು. ಹೀಗೆ ರಾಜ್ಯಗಳಿಗೆ ಹೋಗುವ ಪ್ರತಿ ನೂರು ರೂಪಾಯಿಯಲ್ಲಿ ಕರ್ನಾಟಕಕ್ಕೆ ಬಂದದ್ದು ಸುಮಾರು 3 ರೂಪಾಯಿ 65 ಪೈಸೆ. ಅದಕ್ಕೆ ಹಿಂದಿನ ಆಯೋಗದ ಕಾಲದಲ್ಲಿ ಇದು 4 ರೂಪಾಯಿ 71 ಪೈಸೆಯಾಗಿತ್ತು. ತಲಾ ಆದಾಯ ಕಡಿಮೆಯಿರುವ ರಾಜ್ಯಗಳಿಗೆ ಹೆಚ್ಚು ಪಾಲು ಕೊಡುವುದು ಆಯೋಗದ ತತ್ವ. ತತ್ವ ಸರಿಯಾದದ್ದೇ. ಆದರೆ ಬೆಂಗಳೂರಿನ ವರಮಾನವನ್ನು ಸೇರಿಸಿ ತೆಗೆದ ಸರಾಸರಿಯಿಂದ ಕರ್ನಾಟಕವನ್ನು ಶ್ರೀಮಂತವೆಂದು ಎಣಿಸುವಾಗ ನಮ್ಮ ಬಯಲುಸೀಮೆಯ ಬಡತನ ಲೆಕ್ಕದಲ್ಲಿ ಮರೆಯಾಗುತ್ತದೆ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲೇ ಈ ರಾಜ್ಯದೊಳಗೆ 114 ತಾಲ್ಲೂಕುಗಳು ಹಿಂದುಳಿದಿವೆಯೆಂದು ಗುರುತಿಸಿತ್ತು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಹಣ ಹೋಗುವ ದಾರಿ

ವೆಚ್ಚದಲ್ಲಿ ಮುಖ್ಯವಾಗಿ ಎರಡು ಬಗೆ. ಸಂಬಳ, ನಿವೃತ್ತಿ ವೇತನ, ಬಡ್ಡಿ, ಸಹಾಯಧನ ಇವು ರಾಜಸ್ವ ವೆಚ್ಚ. ವರ್ಷ ಮುಗಿದೊಡನೆ ಮುಗಿಯತಕ್ಕವು. ಅಣೆಕಟ್ಟು, ಕಾಲುವೆ, ರಸ್ತೆ, ಕಟ್ಟಡಗಳು ಬಂಡವಾಳ ವೆಚ್ಚ; ಬಹುಕಾಲ ಉಳಿಯತಕ್ಕವು. 2025-26ರ ಅಂದಾಜಿನಲ್ಲಿ ರಾಜಸ್ವ ವೆಚ್ಚ 3,11,739 ಕೋಟಿ, ಬಂಡವಾಳ ವೆಚ್ಚ 71,336 ಕೋಟಿ, ಹಳೆಯ ಸಾಲದ ಮರುಪಾವತಿ 26,474 ಕೋಟಿ. ಅಂದರೆ ನೂರು ರೂಪಾಯಿ ಹೋಗುವಾಗ 76 ರೂಪಾಯಿ ಆ ವರ್ಷದ ಹೊಟ್ಟೆಬಟ್ಟೆಗೆ, ಹದಿನೇಳೂವರೆ ರೂಪಾಯಿ ಮುಂದಿನ ಕಾಲಕ್ಕೆ, ಆರೂವರೆ ರೂಪಾಯಿ ಹಿಂದಿನ ಸಾಲಕ್ಕೆ.

ನಮ್ಮ ಮನೆಯ ಅಡಿಗೆಕೋಣೆಯ ಗೋಡೆಗೆ ಒಂದು ಕ್ಯಾಲೆಂಡರ್ ಇದೆ. ತಾಯಿ ಅದರ ಮೇಲೆ ಹಾಲು, ಕಿರಾಣಿ, ಸಂಘದ ಕಂತುಗಳನ್ನು ಗೀಟು ಎಳೆದು ಗುರುತಿಸುತ್ತಾರೆ. ಅದು ನಮ್ಮ ರಾಜಸ್ವ ಲೆಕ್ಕ. ಆರು ವರ್ಷಗಳ ಹಿಂದೆ ತಂದೆ ಸಾಲ ಮಾಡಿ ಕೊಳವೆಬಾವಿ ಕೊರೆಸಿದರು. ಅದು ಬಂಡವಾಳ ವೆಚ್ಚ. ಏಳುನೂರು ಅಡಿ ಇಳಿದರೂ ಬಂದದ್ದು ಬಿಳಿ ಧೂಳು. ಕ್ಯಾಲೆಂಡರಿನ ಗೀಟುಗಳು ನಮ್ಮನ್ನು ಸಾಕಿದವು. ಕೊಳವೆಬಾವಿಯ ಸಾಲವನ್ನು ಇನ್ನೂ ತೀರಿಸುತ್ತಿದ್ದೇವೆ. ಬಂಡವಾಳ ವೆಚ್ಚವೆಲ್ಲ ಒಳ್ಳೆಯದು, ರಾಜಸ್ವ ವೆಚ್ಚವೆಲ್ಲ ಪೋಲು ಎಂದು ಪಠ್ಯಪುಸ್ತಕ ಓದಿ ಬಾಯಿಪಾಠ ಮಾಡಿದವರು ಈ ಸಂಗತಿಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಎರಡು ಐದು ಸಾವಿರದ ಮುನ್ನೂರು ಕೋಟಿಗಳು

ಈಗ ತಂದೆಯ ಪ್ರಶ್ನೆಗೆ ಬರೋಣ. ಭದ್ರಾ ಮೇಲ್ದಂಡೆ ಯೋಜನೆ ತುಂಗಾ ನದಿಯಿಂದ ಭದ್ರೆಗೆ, ಭದ್ರೆಯಿಂದ ಬಯಲುಸೀಮೆಗೆ ನೀರನ್ನು ಎತ್ತಿ ಹರಿಸತಕ್ಕದ್ದು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್ ಭೂಮಿಗೆ ಹನಿ ನೀರಾವರಿ ಒದಗಿಸುವುದು, ಕೆರೆಗಳನ್ನು ತುಂಬಿಸುವುದು ಇದರ ಗುರಿ. 29.90 ಟಿ.ಎಂ.ಸಿ. ನೀರು ಇದಕ್ಕೆ ನಿಗದಿಯಾಗಿದೆ. 2020ರ ಪರಿಷ್ಕೃತ ಅಂದಾಜಿನಂತೆ ಇದರ ವೆಚ್ಚ 21,473 ಕೋಟಿ ರೂಪಾಯಿ.

2023ರ ಫೆಬ್ರವರಿ 1ರಂದು ಕೇಂದ್ರ ಹಣಕಾಸು ಸಚಿವೆ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರು ಸಂಸತ್ತಿನಲ್ಲಿ ಆಯವ್ಯಯ ಮಂಡಿಸುತ್ತ ಈ ಯೋಜನೆಗೆ 5,300 ಕೋಟಿ ರೂಪಾಯಿಗಳ ನೆರವನ್ನು ಘೋಷಿಸಿದರು. ನಮ್ಮ ಊರಿನ ಚಹಾದಂಗಡಿಯಲ್ಲಿ ಅಂದು ಎಲ್ಲರಿಗೂ ಬಿಟ್ಟಿ ಚಹಾ ಆಯಿತಂತೆ. ಆದರೆ 2024ರಲ್ಲಿಯೂ 2025ರಲ್ಲಿಯೂ ಆ ಹಣ ಬಿಡುಗಡೆಯಾಗಿಲ್ಲವೆಂದು ರಾಜ್ಯ ಸರ್ಕಾರ ದೂರುತ್ತಲೇ ಇತ್ತು. ಇದರಲ್ಲಿ ತಪ್ಪು ಯಾರದೆಂದು ತೀರ್ಮಾನ ಕೊಡುವುದು ವಿದ್ಯಾರ್ಥಿನಿಯ ಕೆಲಸವಲ್ಲ. ನನಗೆ ಬೇಕಾದದ್ದು ಅದರ ಪಾಠ.

ಆ ಪಾಠವಿದು. ಆಯವ್ಯಯದಲ್ಲಿ ಬರೆದ ಹಣ ಅಂದಾಜು ಮಾತ್ರ. ವರ್ಷದ ಕೊನೆಗೆ ಅದನ್ನು ತಿದ್ದಿ ಪರಿಷ್ಕೃತ ಅಂದಾಜೆಂದು ಮುದ್ರಿಸುತ್ತಾರೆ. ನಿಜವಾಗಿ ಖರ್ಚಾದದ್ದೆಷ್ಟು ಎಂಬುದು ಎರಡು ವರ್ಷಗಳ ತರುವಾಯ 'ಲೆಕ್ಕಗಳು' ಎಂಬ ಅಂಕಣದಲ್ಲಿ ಬರುತ್ತದೆ. ಘೋಷಣೆ, ಅಂದಾಜು, ಮಂಜೂರಾತಿ, ಬಿಡುಗಡೆ, ವೆಚ್ಚ ಇವು ಐದು ಬೇರೆ ಬೇರೆ ಮೆಟ್ಟಿಲುಗಳು. ಪತ್ರಿಕೆಯ ಮೊದಲ ಪುಟಕ್ಕೆ ಬರುವುದು ಮೊದಲನೆಯ ಮೆಟ್ಟಿಲು. ಹೊಲಕ್ಕೆ ನೀರು ಬರುವುದು ಐದನೆಯದರಿಂದ.

ಇನ್ನೊಂದು ಐದು ಸಾವಿರದ ಮುನ್ನೂರು ಕೋಟಿಯಿದೆ. ಅದನ್ನು ಕಂಡಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. 2025-26ರ ಆಯವ್ಯಯದಲ್ಲಿ ಐದು ಗ್ಯಾರಂಟಿ ಯೋಜನೆಗಳಿಗೆ ಒಟ್ಟು 51,034 ಕೋಟಿ ಒದಗಿಸಲಾಗಿತ್ತು: ಗೃಹಲಕ್ಷ್ಮಿಗೆ 28,608 ಕೋಟಿ, ಗೃಹಜ್ಯೋತಿಗೆ 10,100 ಕೋಟಿ, ಅನ್ನಭಾಗ್ಯಕ್ಕೆ 6,426 ಕೋಟಿ, ಯುವನಿಧಿಗೆ 600 ಕೋಟಿ, ಮತ್ತು ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಗೆ ಸರಿಯಾಗಿ 5,300 ಕೋಟಿ.

ಶಕ್ತಿ ಯೋಜನೆ ಆರಂಭವಾದದ್ದು 2023ರ ಜೂನ್ 11ರಂದು. ನಾನು ಈ ಕಾಲೇಜಿಗೆ ಸೇರಿದ್ದೂ ಆ ವರ್ಷವೇ. ನಮ್ಮ ಅಕ್ಕ ನನಗಿಂತ ಜಾಣೆ. ಆದರೂ ಹತ್ತನೆಯ ತರಗತಿಯಾದ ಮೇಲೆ ಅವಳ ಓದು ನಿಂತಿತು. ಬಸ್ಸಿನ ಖರ್ಚೊಂದೇ ಅದಕ್ಕೆ ಕಾರಣವೆಂದರೆ ಸುಳ್ಳಾದೀತು. ಆದರೆ ಬೇಡವೆನ್ನುವವರ ಬಾಯಿಗೆ ಮೊದಲು ಬಂದ ಕಾರಣ ಅದೇ ಆಗಿತ್ತು. ನನ್ನ ಸರದಿ ಬಂದಾಗ ಆ ಕಾರಣ ಇಲ್ಲವಾಗಿತ್ತು. ಹೊಸದುರ್ಗದಿಂದ ಹೊಳಲ್ಕೆರೆಯ ಮೇಲೆ ಚಿತ್ರದುರ್ಗಕ್ಕೆ ದಿನವೂ ಬರುವ ನನಗೆ ಕಂಡಕ್ಟರು ಕೊಡುವ ಶೂನ್ಯ ಚೀಟಿಯ ಲೆಕ್ಕದ ಮೇಲೆ ಸರ್ಕಾರ ಸಾರಿಗೆ ನಿಗಮಕ್ಕೆ ಹಣ ತುಂಬಿಕೊಡುತ್ತದೆ. ಸರ್ಕಾರಿ ಬಸ್ಸು ತಪ್ಪಿ ಖಾಸಗಿ ಬಸ್ಸು ಹತ್ತಿದ ದಿನ ಅದರ ಬೆಲೆ ನನಗೂ ತಿಳಿಯುತ್ತದೆ.

ಹೀಗೆ ಒಂದೇ ಮನೆಯಲ್ಲಿ ಎರಡು ಐದು ಸಾವಿರದ ಮುನ್ನೂರು ಕೋಟಿಗಳು. ತಂದೆಯ ಕಾಲುವೆಯದು ಕಾಗದದಲ್ಲಿ ಉಳಿಯಿತು. ಮಗಳ ಬಸ್ಸು ಬಾಗಿಲಿಗೆ ಬಂತು.

ಇವೆರಡನ್ನೂ ತಕ್ಕಡಿಯಲ್ಲಿಟ್ಟು ತೂಗುವಾಗ ಎಚ್ಚರಿಕೆ ಬೇಕು. ಮೊತ್ತ ಒಂದೇ ಆದರೂ ಜಾತಿ ಬೇರೆ. ಮೊದಲನೆಯದು ಕೇಂದ್ರದ್ದು, ಎರಡನೆಯದು ರಾಜ್ಯದ್ದು. ಆದ್ದರಿಂದ ಬಸ್ಸನ್ನು ನಿಲ್ಲಿಸಿದರೆ ಕಾಲುವೆ ಬರುತ್ತದೆಂಬುದು ನಿಜವಲ್ಲ. ಮೊದಲನೆಯದು ಒಮ್ಮೆ ಕೊಟ್ಟು ಮುಗಿಸತಕ್ಕದ್ದು, ಎರಡನೆಯದು ವರ್ಷವರ್ಷವೂ ಕೊಡತಕ್ಕದ್ದು. ಹಾಗೆಂದು ಇವೆರಡಕ್ಕೆ ಸಂಬಂಧವೇ ಇಲ್ಲವೆನ್ನಲೂ ಆಗದು. ಮೇಲ್ದಂಡೆಯ ವೆಚ್ಚದ ಬಹುಭಾಗವನ್ನು ಹೊರಬೇಕಾದದ್ದು ಅದೇ ರಾಜ್ಯದ ಬೊಕ್ಕಸ. ಗ್ಯಾರಂಟಿಗಳಿಗೆ ಇಟ್ಟದ್ದು ಇಡೀ ಆಯವ್ಯಯದ ಎಂಟರಲ್ಲಿ ಒಂದು ಪಾಲು. ಆ ಪಾಲು ಪ್ರತಿವರ್ಷವೂ ಮೊದಲೇ ಗೊತ್ತಾಗಿರುವಾಗ ಕಾಲುವೆಗೆ ಉಳಿಯುವ ಜಾಗ ಕಿರಿದಾಗುವುದು ಸಹಜ. ಕಾಲುವೆ ತಡವಾದಷ್ಟೂ ಸಿಮೆಂಟು, ಕಬ್ಬಿಣ, ಭೂಮಿಯ ಬೆಲೆ ಏರಿ ಅಂದಾಜು ಬೆಳೆಯುತ್ತದೆ. ಕಾಯುವುದಕ್ಕೂ ಬೆಲೆಯುಂಟು, ಅದು ಯಾವ ಅಂಕಣದಲ್ಲಿಯೂ ಅಚ್ಚಾಗುವುದಿಲ್ಲ.

ಮಾರಿಕಣಿವೆಯ ಸಾಕ್ಷಿ

ಬಂಡವಾಳ ವೆಚ್ಚದ ಫಲ ಎಷ್ಟು ಕಾಲ ಬರುತ್ತದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ನಿದರ್ಶನವಿದೆ. ತಾಯಿಯ ತವರು ಹಿರಿಯೂರು ತಾಲ್ಲೂಕಿನಲ್ಲಿ, ವಾಣಿವಿಲಾಸ ಸಾಗರದ ನಾಲೆಯ ಕೆಳಗೆ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಈ ಅಣೆಕಟ್ಟಿನ ಕೆಲಸ 1898ರಲ್ಲಿ, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದಾಗ, ಆರಂಭವಾಗಿ 1907ರಲ್ಲಿ ಮುಗಿಯಿತು. 1933ರಲ್ಲಿ ಒಮ್ಮೆ ಕೋಡಿ ಹರಿದ ಜಲಾಶಯ ಮತ್ತೆ ಕೋಡಿ ಹರಿದದ್ದು 89 ವರ್ಷಗಳ ಮೇಲೆ, 2022ರಲ್ಲಿ. ಆಗ ನಾವೆಲ್ಲ ಟ್ರಾಕ್ಟರಿನಲ್ಲಿ ಹೋಗಿ ನೋಡಿ ಬಂದೆವು. 2025ರ ಜನವರಿಯಲ್ಲಿ ಅದು ಮೂರನೆಯ ಬಾರಿ ಕೋಡಿ ಬಿದ್ದಿತು. ಭದ್ರೆಯ ನೀರನ್ನು ಅದಕ್ಕೆ ಹರಿಸತೊಡಗಿದ್ದೂ ಇದಕ್ಕೆ ನೆರವಾಯಿತು.

ಮಳೆ ಕೈಕೊಟ್ಟ ವರ್ಷಗಳಲ್ಲಿ ಅಲ್ಲಿಯ ತೆಂಗೂ ಒಣಗಿದ್ದುಂಟು. ಆದರೂ ಸೋದರಮಾವನ ತೋಟಕ್ಕೂ ನಮ್ಮ ಹೊಲಕ್ಕೂ ಇರುವ ಅಂತರ ಮನುಷ್ಯರ ದುಡಿಮೆಯ ಅಂತರವಲ್ಲ. ನೂರು ವರ್ಷಗಳಿಗೂ ಹಿಂದೆ ಮೈಸೂರು ಸರ್ಕಾರ ಮಾಡಿದ ಒಂದು ವೆಚ್ಚದ ಅಂತರ. ಅಂದು ಅದಕ್ಕೆ ಕಂದಾಯ ತೆತ್ತವರಲ್ಲಿ ಎಷ್ಟೋ ಮಂದಿ ಆ ನೀರನ್ನು ಕಾಣಲಿಲ್ಲ. ಫಲ ಉಣ್ಣುತ್ತಿರುವವರು ಅವರ ಮರಿಮಕ್ಕಳ ಕಾಲದವರು.

ಸಾಲದ ಮಾತು

ಹಾಗಾದರೆ ಸಾಲ ಮಾಡಿ ಎಲ್ಲವನ್ನೂ ಒಟ್ಟಿಗೆ ಏಕೆ ಮಾಡಬಾರದು? ಇದಕ್ಕೆ ಕಡಿವಾಣವೆಂದೇ 2002ರಲ್ಲಿ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಅಧಿನಿಯಮ ಬಂದಿತು. ಇಂಥ ಕಾನೂನನ್ನು ಮಾಡಿದ ರಾಜ್ಯಗಳಲ್ಲಿ ನಮ್ಮದೇ ಮೊದಲನೆಯದು. ಇದರಂತೆ ವಿತ್ತೀಯ ಕೊರತೆ ರಾಜ್ಯದ ಆಂತರಿಕ ಉತ್ಪನ್ನದ ನೂರಕ್ಕೆ 3ನ್ನೂ, ಒಟ್ಟು ಹೊಣೆಗಾರಿಕೆ ನೂರಕ್ಕೆ 25ನ್ನೂ ಮೀರಬಾರದು. 2025-26ರ ಅಂದಾಜಿನಲ್ಲಿ ಇವು ಕ್ರಮವಾಗಿ 2.95 ಮತ್ತು 24.91. ಗೆರೆ ದಾಟಿಲ್ಲ, ಆದರೆ ಕಾಲು ಗೆರೆಯ ಮೇಲೆಯೇ ಇದೆ. ವರ್ಷದ ಕೊನೆಗೆ ಒಟ್ಟು ಹೊಣೆ 7,64,655 ಕೋಟಿ, ಎಂದರೆ ತಲೆಗೆ ಒಂದು ಲಕ್ಷ ರೂಪಾಯಿಗೂ ಮೇಲೆ.

ಸಾಲ ಮಾಡುವುದೇ ತಪ್ಪಲ್ಲ. ಕಾಲುವೆಗಾಗಿ ಮಾಡಿದ ಸಾಲವನ್ನು ಕಾಲುವೆಯ ಬೆಳೆ ತೀರಿಸಬಲ್ಲದು. ಚಿಂತೆಗೆ ಕಾರಣವಾದದ್ದು ರಾಜಸ್ವ ಕೊರತೆ. 2025-26ರಲ್ಲಿ ರಾಜಸ್ವ ಆದಾಯ 2,92,477 ಕೋಟಿ. ರಾಜಸ್ವ ವೆಚ್ಚ ಅದಕ್ಕಿಂತ 19,262 ಕೋಟಿ ಹೆಚ್ಚು. ಅಂದರೆ ಅಷ್ಟರಮಟ್ಟಿಗೆ ದಿನದ ಖರ್ಚಿಗೂ ಸಾಲ ತರಬೇಕಾಯಿತು. ಕಿರಾಣಿಗಾಗಿ ಕೈಸಾಲ ಮಾಡಿದ ತಿಂಗಳುಗಳು ನಮ್ಮ ತಾಯಿಗೂ ಗೊತ್ತು. ಒಂದು ತಿಂಗಳು ಮಾಡಬಹುದು. ಪ್ರತಿ ತಿಂಗಳೂ ಮಾಡಲಾಗದು.

ಆದರೂ ಒಂದು ಮಾತನ್ನು ಹೇಳಲೇಬೇಕು. ಲೆಕ್ಕದ ಭಾಷೆಯಲ್ಲಿ ನನ್ನ ಬಸ್ಸಿನ ಚೀಟಿ ರಾಜಸ್ವ ವೆಚ್ಚ. ಸರ್ಕಾರಿ ಕಾಲೇಜಿನಲ್ಲಿ ನಮಗೆ ಪಾಠ ಹೇಳುವವರ ಸಂಬಳವೂ ರಾಜಸ್ವ ವೆಚ್ಚವೇ. ವರ್ಷ ಮುಗಿದಾಗ ಇವುಗಳಿಂದ ಯಾವ ಆಸ್ತಿಯೂ ಉಳಿಯಲಿಲ್ಲವೆಂದು ಲೆಕ್ಕಪತ್ರ ಹೇಳುತ್ತದೆ. ಆದರೆ ಮೂರು ವರ್ಷ ಈ ವೆಚ್ಚ ನಡೆದದ್ದರಿಂದ ನಮ್ಮ ಮನೆಯಲ್ಲಿ ಒಬ್ಬ ಪದವೀಧರೆ ಆಗಲಿದ್ದಾಳೆ. ಕಲ್ಲುಗಾರೆಯಲ್ಲಿ ಕಾಣುವುದನ್ನು ಮಾತ್ರ ಆಸ್ತಿಯೆನ್ನುವ ಲೆಕ್ಕ ಪೂರ್ಣವಾದದ್ದಲ್ಲ. ಹಾಗೆಯೇ, ಈ ವೆಚ್ಚವನ್ನು ನಾವು ಆಸ್ತಿಯನ್ನಾಗಿ ಮಾಡಿ ತೋರಿಸದಿದ್ದರೆ ಲೆಕ್ಕಪತ್ರದ ಮಾತೇ ನಿಜವಾದೀತು.

ಉಪಸಂಹಾರ

ಸಂಕ್ರಾಂತಿಗೆ ಊರಿಗೆ ಹೋದಾಗ ಇದನ್ನೆಲ್ಲ ತಂದೆಗೆ ನನಗೆ ತಿಳಿದಂತೆ ಹೇಳಿದೆ. ಪೂರ್ತಿ ಕೇಳಿ ಅವರು, "ಹಂಗಾದ್ರೆ ಆ ದುಡ್ಡು ಕಳೆದುಹೋಗಿಲ್ಲ, ಹೊರಟೇ ಇಲ್ಲ ಅನ್ನು" ಎಂದರು. ತಾಯಿಯ ಖಾತೆಗೆ ಬರುವ ಎರಡು ಸಾವಿರವನ್ನೂ ನನ್ನ ಬಸ್ಸನ್ನೂ ನಿಲ್ಲಿಸಿ ಕಾಲುವೆ ಮಾಡಬೇಕೆ ಎಂದು ಕೇಳಿದೆ. ತಾಯಿ ಒಲೆಯ ಮುಂದಿನಿಂದ, "ಆ ಎರಡು ಸಾವಿರದಾಗೇ ನಿನ್ನ ಪರೀಕ್ಷೆ ಫೀಸು ಕಟ್ಟಿದ್ದು" ಎಂದರು. ತಂದೆ ಸ್ವಲ್ಪ ಹೊತ್ತು ಯೋಚಿಸಿ, "ಎರಡೂ ಬೇಕು ಕಣವ್ವ. ಆದ್ರೆ ಕೊಡ್ತೀನಿ ಅಂದೋರು ಯಾವಾಗ ಕೊಡ್ತೀನಿ ಅಂತ್ಲೂ ಹೇಳಬೇಕು" ಎಂದರು.

ಹಣಕಾಸಿನ ಮೇಲೆ ಶಾಸನಸಭೆಗಿರುವ ಅಧಿಕಾರದ ತಿರುಳೂ ಇದೇ ಎಂದು ನನಗೆ ತೋರುತ್ತದೆ. ಕೊಡುತ್ತೇನೆಂದದ್ದು ಎಷ್ಟು, ಕೊಟ್ಟದ್ದು ಎಷ್ಟು ಎಂದು ಕೇಳುವುದಕ್ಕಾಗಿಯೇ ಮಹಾಲೆಕ್ಕಪರಿಶೋಧಕರ ವರದಿಯಿದೆ, ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯಿದೆ. ಆಯವ್ಯಯದ ಪುಸ್ತಕಗಳು ಕನ್ನಡದಲ್ಲಿಯೂ ದೊರೆಯುತ್ತವೆ. ಮಾರ್ಚ್ ತಿಂಗಳಲ್ಲಿ ಭಾಷಣ ಕೇಳಿ ಮರೆಯುವ ಬದಲು, ಸಹಪಾಠಿಗಳು ಒಬ್ಬೊಬ್ಬರೂ ತಮ್ಮ ತಾಲ್ಲೂಕಿಗೆ ಸಂಬಂಧಿಸಿದ ಒಂದೇ ಒಂದು ಬಾಬನ್ನು ಆರಿಸಿಕೊಂಡು, ಅದರ ಅಂದಾಜನ್ನೂ ಎರಡು ವರ್ಷಗಳ ತರುವಾಯದ ಲೆಕ್ಕವನ್ನೂ ಹೋಲಿಸಿ ನೋಡಲಿ. ನಾನು ಭದ್ರಾ ಮೇಲ್ದಂಡೆಯನ್ನು ಆರಿಸಿಕೊಂಡಿದ್ದೇನೆ. ಕಾಲೇಜು ಬಿಟ್ಟ ಮೇಲೂ ಪ್ರತಿ ವರ್ಷ ಆ ಸಾಲನ್ನು ನೋಡಿ ಮನೆಯಲ್ಲಿ ಓದಿ ಹೇಳುವುದಾಗಿ ತಂದೆಗೆ ಮಾತು ಕೊಟ್ಟಿದ್ದೇನೆ.